ಒಣಮೀನಿನ ಭರಣಿಗೆ ಒಳ್ಳೆಮೆಣಸಿನ ಕಾವಲು

"ಅಜ್ಜಾ, ಓಡಿ ಬಾ! ಸಿಗಡಿ ನಡೀತಾ ಇದೆ!"

ಏಪ್ರಿಲ್ ಕೊನೆಯ ವಾರ. ಶಾಲೆಗೆ ರಜೆ. ಆರನೇ ತರಗತಿಯ ನನ್ನ ಮೊಮ್ಮಗಳು ಅಡುಗೆಮನೆಯಿಂದ ಕೂಗಿದಳು. ಒಣಸಿಗಡಿಯ ಚಟ್ನಿ ಮಾಡೋಣವೆಂದು ನಾನೇ ಅವಳಿಗೆ ಡಬ್ಬಿ ಇಳಿಸಲು ಹೇಳಿದ್ದೆ. ಹೋಗಿ ನೋಡಿದರೆ ಡಬ್ಬಿಯ ತುಂಬ ಕಂದು ಬಣ್ಣದ ಹುಡಿ. ಆ ಹುಡಿಯಲ್ಲಿ ಕೂದಲು ತುಂಬಿದ ಸಣ್ಣ ಸಣ್ಣ ಹುಳುಗಳು ಹರಿದಾಡುತ್ತಿದ್ದವು. ಬೆಳಕು ಬಿದ್ದದ್ದೇ ತಡ, ಎಲ್ಲವೂ ಅಳಿದುಳಿದ ಸಿಗಡಿಯ ಅಡಿಗೆ ನುಗ್ಗಿ ಅಡಗಿಕೊಂಡವು. ಅವುಗಳ ಮೈತಾಗಿ ಸಿಗಡಿಯ ಚಿಪ್ಪು ಅಲುಗಾಡಿತು. ಮೊಮ್ಮಗಳು ಕಂಡದ್ದು ಅದನ್ನೇ.

ತಪ್ಪು ನನ್ನದೇ. ಪ್ರತಿ ವರ್ಷ ಒಣಮೀನು ತುಂಬಿಡುವ ಕೆಲಸ ಅವಳ ಅಜ್ಜಿಯದು. ಈ ಸಲ ಅಜ್ಜಿ ಎರಡು ತಿಂಗಳು ಮಗಳ ಮನೆಯಲ್ಲಿ ಬೆಂಗಳೂರಿನಲ್ಲಿದ್ದಳು. ನಾನು ಸಂತೆಯಿಂದ ತಂದ ಸಿಗಡಿಯನ್ನು ಹಾಗೆಯೇ ಹಳೆಯ ಬಿಸ್ಕತ್ತಿನ ಡಬ್ಬಿಗೆ ಸುರಿದು, ಮುಚ್ಚಳ ಒತ್ತಿ, ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಫೋನಿನಲ್ಲಿ ವಿಷಯ ತಿಳಿದ ನನ್ನ ಹೆಂಡತಿ ಕೇಳಿದ್ದು ಎರಡೇ ಪ್ರಶ್ನೆ. "ಹ್ವಾಯ್, ಬಿಸಿಲಿಗೆ ಹಾಕಿದ್ರಾ? ಒಳ್ಳೆಮೆಣಸು ಹಾಕಿದ್ರಾ?"

ಎರಡಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಊರವರ ಉಳಿತಾಯದ ಲೆಕ್ಕ ಇಟ್ಟವನಿಗೆ ಒಂದು ಡಬ್ಬಿ ಸಿಗಡಿಯನ್ನು ಉಳಿಸಿಕೊಳ್ಳಲಾಗಲಿಲ್ಲ!

ಮಳೆಗಾಲದ ಬುತ್ತಿ

ಘಟ್ಟದ ಮೇಲಿನ ಓದುಗರಿಗೆ, ಮೀನು ತಿನ್ನದ ಮನೆಯವರಿಗೆ ಇದೇನು ದೊಡ್ಡ ವಿಷಯವೆಂದು ಅನಿಸಬಹುದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ನಿಮಗೆ ಹೇಗೋ ನಮಗೆ ಒಣಮೀನು ಹಾಗೆ. ಕರಾವಳಿಯಲ್ಲಿ ಜೂನ್ ಬಂತೆಂದರೆ ಕಡಲು ಮುನಿಯುತ್ತದೆ. ಮೀನು ಮರಿ ಮಾಡಲೆಂದು ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ ಎಂಬ ಸರಕಾರದ ನಿಯಮವೂ ಇದೆ. ನಾನು ಹುಡುಗನಾಗಿದ್ದಾಗ ಇಂಥ ನಿಯಮವಿರಲಿಲ್ಲ. ಮಳೆಗಾಳಿಗೆ ಹೆದರಿಯೇ ದೋಣಿಗಳು ದಡದಲ್ಲಿ ಸೋಗೆಯ ಮಾಡಿನಡಿ ಮಲಗಿರುತ್ತಿದ್ದವು.

ಆ ಎರಡು ಮೂರು ತಿಂಗಳು ಗಂಜಿಯ ಜೊತೆಗೆ ನಂಚಿಕೊಳ್ಳಲು ಇರುತ್ತಿದ್ದುದು ಒಣಮೀನೇ. ಬೇಸಗೆಯಲ್ಲಿ ಒಣಗಿಸಿದ ಬಂಗುಡೆ, ನಂಗು, ಬೈಗೆ, ಸಿಗಡಿ. ಬೈಗೆ ಎಂದರೆ ತುಳುನಾಡಿನವರು ಬೂತಾಯಿ ಎನ್ನುವ ಮೀನು. ಕೆಂಡದ ಮೇಲೆ ಸುಟ್ಟ ಒಂದು ತುಂಡು ಉಪ್ಪುಮೀನಿದ್ದರೆ ನಾವು ಮಕ್ಕಳು ಎರಡು ಬಟ್ಟಲು ಗಂಜಿ ಉಣ್ಣುತ್ತಿದ್ದೆವು. ಅಮ್ಮ ಮೀನನ್ನು ಭರಣಿಗೆ ತುಂಬಿ, ಬಟ್ಟೆ ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದಳು. ಆ ಭರಣಿಗೆ ಹುಳ ಬಿದ್ದರೆ ಮಳೆಗಾಲವಿಡೀ ಬರೀ ಉಪ್ಪು ಗಂಜಿ.

ಕಳ್ಳ ಯಾರು?

ಮೊಮ್ಮಗಳು ಹೆದರಿ ಓಡುವ ಜಾತಿಯಲ್ಲ. ನಾನು ಪತ್ರಿಕೆ ಓದುವ ಭೂತಗನ್ನಡಿ ತಂದಳು. ಇಬ್ಬರೂ ಜಗಲಿಯಲ್ಲಿ ಕುಳಿತು ಡಬ್ಬಿಯನ್ನು ಒಂದು ಹಳೆಯ ಪೇಪರಿನ ಮೇಲೆ ಸುರಿದೆವು.

ಮಕ್ಕಳೇ, ನೀವೂ ನೋಡಬಹುದು. ಕೂದಲು ತುಂಬಿದ ಹುಳು ಒಂದು ಜೀರುಂಡೆಯ ಮರಿ. ಅದರ ಬಾಲದ ತುದಿಯಲ್ಲಿ ಎರಡು ಪುಟ್ಟ ಕೊಂಬುಗಳಿರುತ್ತವೆ. ದೊಡ್ಡದಾದ ಜೀರುಂಡೆ ಕಪ್ಪಾಗಿರುತ್ತದೆ, ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದ. ಬೆನ್ನಡಿ ಮಾಡಿ ನೋಡಿದರೆ ಹೊಟ್ಟೆ ಬೆಳ್ಳಗೆ. ವಿಜ್ಞಾನಿಗಳು ಇದನ್ನು ಡರ್ಮೆಸ್ಟಿಸ್ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಚರ್ಮ ತಿನ್ನುವುದು ಎಂದು. ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಕೆಲವೇ ದಿನಗಳಲ್ಲಿ ಮರಿ ಹೊರಬಂದು, ಬೆಳೆಯುತ್ತಾ ಹೋದಂತೆ ಮತ್ತೆ ಮತ್ತೆ ಪೊರೆ ಕಳಚುತ್ತದೆ. ನಾವು ಕಂಡ ಹುಡಿಯಲ್ಲಿ ಅರ್ಧ ಆ ಪೊರೆಯೇ. ನಮ್ಮ ಕರಾವಳಿಯ ಸೆಕೆಯಲ್ಲಿ ಐದಾರು ವಾರಗಳಲ್ಲಿ ಮೊಟ್ಟೆಯಿಂದ ಮತ್ತೊಂದು ಜೀರುಂಡೆ ತಯಾರು.

ಈ ಮರಿಗೆ ಬೆಳಕು ಕಂಡರಾಗದು. ಕೋಶವಾಗುವ ಹೊತ್ತಿಗೆ ಅದು ಮೀನನ್ನು ಬಿಟ್ಟು ಹೊರಟು, ಪಕ್ಕದಲ್ಲಿ ಸಿಕ್ಕ ಮರದ ಹಲಗೆಯನ್ನೋ ಗೋಣಿಯ ಹೊಲಿಗೆಯನ್ನೋ ಕೊರೆದು ಅಡಗಿ ಕೂರುತ್ತದೆ. ಹಳೆಯ ಪೆಟ್ಟಿಗೆ, ಹಳೆಯ ಚೀಲದಲ್ಲಿ ಹೊಸ ಮೀನು ತುಂಬಿದರೆ ಹುಳ ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ.

ಇದಕ್ಕೆ ಒಳ್ಳೆಯ ಉದ್ಯೋಗವೂ ಇದೆ. ಪ್ರಾಣಿಗಳ ಅಸ್ಥಿಪಂಜರವನ್ನು ಪ್ರದರ್ಶನಕ್ಕಿಡುವ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಇದೇ ಹುಳುಗಳನ್ನು ಸಾಕುತ್ತಾರೆ. ಮೂಳೆಗೆ ಒಂದು ಗೀರೂ ಬೀಳದಂತೆ ಒಣಗಿದ ಮಾಂಸವನ್ನೆಲ್ಲ ಇವು ತಿಂದು ಸ್ವಚ್ಛ ಮಾಡಿಕೊಡುತ್ತವೆ. "ಹಾಗಾದ್ರೆ ಇವು ಕಳ್ಳರಲ್ಲ, ಜಾಡಮಾಲಿಗಳು" ಎಂದಳು ಮೊಮ್ಮಗಳು. ಹೌದು. ಕಾಡಿನಲ್ಲಿದ್ದರೆ ಸಹಾಯಕ, ನಮ್ಮ ಡಬ್ಬಿಯಲ್ಲಿದ್ದರೆ ಕಳ್ಳ.

ಪೇಪರಿನ ಮೇಲೆ ಇನ್ನೊಂದು ಹುಳವೂ ಸಿಕ್ಕಿತು. ಚಿಕ್ಕದು, ಹೊಳೆಯುವ ನೀಲಿ ಹಸಿರು ಬೆನ್ನು, ಕೆಂಪು ಕಾಲು. ಕೊಬ್ಬರಿಯಲ್ಲಿಯೂ ಕಾಣಿಸುವ ಇದರ ಹೆಸರು ನೆಕ್ರೋಬಿಯಾ. ಇದರ ದಾಯಾದಿಯೊಂದು ಒಬ್ಬ ಮನುಷ್ಯನ ಜೀವ ಉಳಿಸಿದ ಕಥೆಯಿದೆ. ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ ಲಾತ್ರೇಯ್ ಎಂಬ ಪಾದ್ರಿಯನ್ನು ಸೆರೆಮನೆಗೆ ಹಾಕಿದ್ದರು. ಆತನಿಗೆ ಹುಳುಗಳ ಹುಚ್ಚು. ಸೆರೆಮನೆಯ ನೆಲದಲ್ಲಿ ಕಂಡ ಒಂದು ಪುಟ್ಟ ಜೀರುಂಡೆಯನ್ನು ಎತ್ತಿ ನೋಡುತ್ತಿದ್ದಾಗ ಅಲ್ಲಿಗೆ ಬಂದ ವೈದ್ಯರು ಏನದು ಎಂದು ಕೇಳಿದರು. "ತುಂಬ ಅಪರೂಪದ್ದು" ಎಂದ. ವೈದ್ಯರು ಅದನ್ನು ಹುಳುಗಳ ಬಗ್ಗೆ ತಿಳಿದ ಒಬ್ಬ ಹುಡುಗನಿಗೆ ತಲುಪಿಸಿದರು. ಆ ಹುಡುಗನಿಗೆ ಲಾತ್ರೇಯ್ ಯಾರೆಂದು ಗೊತ್ತಿತ್ತು. ಅವನ ಪ್ರಯತ್ನದಿಂದ ಬಿಡುಗಡೆಯಾಯಿತು. ಜೊತೆಯಲ್ಲಿದ್ದ ಹೆಚ್ಚಿನ ಕೈದಿಗಳು ಉಳಿಯಲಿಲ್ಲ. ಲಾತ್ರೇಯ್ ಮುಂದೆ ಕೀಟವಿಜ್ಞಾನದ ದೊಡ್ಡ ಪಂಡಿತನಾದ. ಆ ಜೀರುಂಡೆಯ ಹೆಸರು ನೆಕ್ರೋಬಿಯಾ ರೂಫಿಕೊಲಿಸ್.

ಬೈಸಿಕಲ್ಲಿನಲ್ಲಿ ಕಂತು ವಸೂಲಿ

ಕಥೆ ಕೇಳಿ ಮೊಮ್ಮಗಳಿಗೆ ಹುಳದ ಮೇಲೆ ಕನಿಕರ ಬಂತು. ಆದರೂ, "ಅಜ್ಜಾ, ಜಿರಲೆಗೆ ಹೊಡೆಯುವ ಸ್ಪ್ರೇ ಇದೆಯಲ್ಲ, ಡಬ್ಬಿಯೊಳಗೆ ಸ್ವಲ್ಪ ಹೊಡೆದಿದ್ದರೆ ಸಿಗಡಿ ಉಳೀತಿತ್ತಲ್ವಾ?" ಎಂದು ಕೇಳಿದಳು.

ಆ ಪ್ರಶ್ನೆ ನನ್ನನ್ನು 1978ಕ್ಕೆ ಕರೆದೊಯ್ಯಿತು. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದ ಹೊಸತು. ಕುಂದಾಪುರ ತಾಲೂಕಿನ ಕಡಲಂಚಿನ ಒಂದು ಶಾಖೆಯಲ್ಲಿ ಗುಮಾಸ್ತ. ಬಡವರಿಗೆ ಶೇಕಡಾ 4ರ ಬಡ್ಡಿಗೆ ಸಾಲ ಕೊಡುವ ಡಿ.ಆರ್.ಐ. ಯೋಜನೆ 1972ರಲ್ಲಿ ಬಂದಿತ್ತು. ಅದರಲ್ಲಿ ಒಣಮೀನು ಮಾರುವ ಒಬ್ಬ ಹೆಂಗಸಿಗೆ 800 ರೂಪಾಯಿ ಸಾಲ ಕೊಟ್ಟಿದ್ದೆವು. ಗಂಡ ಇರಲಿಲ್ಲ. ಮನೆಯಲ್ಲಿ ಮುದಿ ಅತ್ತೆ, ಇಬ್ಬರು ಮಕ್ಕಳು. ಬೇಸಗೆಯಲ್ಲಿ ಅಗ್ಗಕ್ಕೆ ಮೀನು ಕೊಂಡು, ಒಣಗಿಸಿ, ಮಳೆಗಾಲದಲ್ಲಿ ಘಟ್ಟದ ಮೇಲಿನ ಸಂತೆಗಳಲ್ಲಿ ಮಾರುವುದು ಅವಳ ವ್ಯಾಪಾರ.

ಎರಡು ಕಂತು ಬರಲಿಲ್ಲ. ಮ್ಯಾನೇಜರರು ನನ್ನನ್ನು ಕಳಿಸಿದರು. ನಾನು ಬೈಸಿಕಲ್ ತುಳಿದು ಅವಳ ಮನೆಗೆ ಹೋದೆ. ಮೇ ತಿಂಗಳ ಮಧ್ಯ. ಹರೆಯದ ಬಿಸಿ. ಅಂಗಳದಲ್ಲಿ ನಿಂತೇ, "ಅಕ್ಕಾ, ಈ ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ನೋಟೀಸು ಬರುತ್ತದೆ" ಎಂದೆ. ಅವಳು ಮಾತಾಡದೆ ಚಾವಡಿಯ ಮೂಲೆಯಲ್ಲಿದ್ದ ಮೂರು ಗೋಣಿ ತೋರಿಸಿದಳು. ಒಂದರ ಬಾಯಿ ಬಿಚ್ಚಿದಳು. ಮೊನ್ನೆ ನಮ್ಮ ಡಬ್ಬಿಯಲ್ಲಿ ಕಂಡೆನಲ್ಲ, ಅದೇ ಹುಡಿ, ಅದೇ ಹುಳ. ಬೆರಳಿನಿಂದ ಒತ್ತಿದರೆ ಮೀನು ಪೊಳ್ಳಾಗಿ ಕುಸಿಯುತ್ತಿತ್ತು.

"ಹೇಗಾದರೂ ಉಳಿಸಿ ಮಾರು" ಎಂದು ಹೇಳಿ ನಾನು ಹೊರಟುಬಂದೆ. 'ಹೇಗಾದರೂ' ಎಂಬ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ವಾರ ಬಿಟ್ಟು ಮತ್ತೆ ಹೋದೆ. ಮನೆಯ ಹಿಂದೆ ಮರಳಿನಲ್ಲಿ ಅವಳು ಗುಂಡಿ ತೋಡುತ್ತಿದ್ದಳು. ಪಕ್ಕದಲ್ಲಿ ಒಂದು ಗೋಣಿ ಮೀನು. ಮಕ್ಕಳು ಅಳುತ್ತಿದ್ದವು. ವಿಷಯ ಇಷ್ಟೇ. ಯಾರೋ ಅಂಗಡಿಯವರು ಬೆಳೆಗೆ ಹಾಕುವ ಬಿಎಚ್‌ಸಿ ಎಂಬ ಬಿಳಿ ಪುಡಿಯನ್ನು ಕೊಟ್ಟು, ಗೋಣಿಯೊಳಗೆ ಎರಚಿದರೆ ಒಂದು ಹುಳವೂ ಉಳಿಯದು ಎಂದಿದ್ದರು. ಒಂದು ಗೋಣಿಗೆ ಎರಚಿದಳು. ಹುಳವೇನೋ ಸತ್ತಿತು. ಮಾರನೆಯ ದಿನ ಮನೆಯ ಬೆಕ್ಕು ಅದರಿಂದ ಒಂದು ಮೀನು ಕಚ್ಚಿಕೊಂಡು ಹೋಗಿ ತಿಂದಿತು. ಸಂಜೆ ಹೊತ್ತಿಗೆ ನಡುಗಿ ನಡುಗಿ ಸತ್ತೇಹೋಯಿತು.

"ಗೋಣಿ ಹೂಳಿದರೆ ಕಂತು?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಅವಳು ಹಾರೆ ಊರಿ ನಿಂತು ನನ್ನನ್ನು ನೋಡಿದಳು. "ಅಯ್ಯಾ, ನನ್ನ ಮಕ್ಳಿಗೆ ಬಡಿಸೂಕೆ ಆಗ್ದಿದ್ ಮೀನ್ ಮತ್ತೊಬ್ರ ಮಕ್ಳಿಗೆ ಹ್ಯಾಂಗ್ ಮಾರೂದು?"

ನನ್ನ ಬಿ.ಕಾಂ. ಪುಸ್ತಕಗಳಲ್ಲಿ ಎಲ್ಲಿಯೂ ಇರದ ಪಾಠ ಅದು. ನಾನು ಅಂಗಿಯ ತೋಳು ಮಡಚಿ ಅವಳ ಜೊತೆ ಮರಳು ಎಳೆದೆ. ಬ್ಯಾಂಕಿಗೆ ಹೋಗಿ ಮ್ಯಾನೇಜರರಿಗೆ ಎಲ್ಲವನ್ನೂ ಹೇಳಿದೆ. ಅವರು ಒಳ್ಳೆಯವರು, ಕಂತನ್ನು ಮಳೆಗಾಲದ ನಂತರಕ್ಕೆ ಮುಂದೂಡಿದರು. ಆ ಬಿಎಚ್‌ಸಿ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಿದರು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಆ ಬೆಕ್ಕು.

ಮುದಿ ಅತ್ತೆಯ ಉಪಾಯ

ಉಳಿದ ಎರಡು ಗೋಣಿಗಳನ್ನು ಉಳಿಸಿದವರು ಆ ಮನೆಯ ಮುದಿ ಅತ್ತೆ. ಮುಂದಿನ ಭಾನುವಾರ ನಾನೂ ಹೋಗಿದ್ದೆ, ಹಾಗಾಗಿ ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ನಡುಮಧ್ಯಾಹ್ನದ ಬಿಸಿಲಿಗೆ ಕರೀಕಲ್ಲಿನ ಮೇಲೆ ಮೀನನ್ನು ಹರಡಿದರು. ಕಲ್ಲು ಕಾಲಿಡಲಾಗದಷ್ಟು ಕಾದಿತ್ತು. ಬಿಸಿ ತಾಳಲಾರದೆ ಹುಳುಗಳು ಹೊರಬಂದು ಓಡತೊಡಗಿದವು, ಕಾಗೆಗಳಿಗೆ ಹಬ್ಬ. ಒಂದೊಂದೇ ಮೀನನ್ನು ಕುಟ್ಟಿ ಕೊಡವಿದರು. ಪೊಳ್ಳಾದದ್ದನ್ನು ತೆಗೆದು ತೆಂಗಿನ ಬುಡಕ್ಕೆ ಹಾಕಿದರು. ಗಟ್ಟಿ ಇದ್ದುದನ್ನು ಸಾಣಿಕಟ್ಟೆಯ ಹರಳುಪ್ಪು ಕರಗಿಸಿದ ದಪ್ಪ ಉಪ್ಪುನೀರಿನಲ್ಲಿ ಅದ್ದಿ ತೆಗೆದು ಮತ್ತೆ ಮೂರು ದಿನ ಒಣಗಿಸಿದರು. ಹಳೆಯ ಗೋಣಿಗಳನ್ನು ದೊಡ್ಡ ಹಂಡೆಯಲ್ಲಿ ಕುದಿಸಿದರು.

ಆಮೇಲೆ ಬಂದದ್ದು ಗಿಡದ ಮದ್ದು. ಕಾಳುಮೆಣಸಿಗೆ ನಮ್ಮ ಕಡೆ ಒಳ್ಳೆಮೆಣಸು ಎನ್ನುತ್ತೇವೆ. ಆಗಲೂ ಅದು ದುಬಾರಿಯೇ. ಅಜ್ಜಿ ಅಂಗಡಿಯಲ್ಲಿ ಗೇರಿ ತೆಗೆದ ಜೊಳ್ಳುಮೆಣಸನ್ನು ಕಡಿಮೆ ಬೆಲೆಗೆ ತರಿಸಿದ್ದರು. ಅದನ್ನು ತರಿತರಿಯಾಗಿ ಕುಟ್ಟಿ ಮೀನಿಗೆ ಸವರಿದರು. ಬಿದಿರಿನ ಬುಟ್ಟಿಗೆ ಒಳಗಿನಿಂದ ಅಡಿಕೆ ಹಾಳೆ ಹೊದಿಸಿ, ಒಂದು ಪದರ ಮೀನು, ಒಂದು ಪದರ ನೆರಳಲ್ಲಿ ಒಣಗಿಸಿದ ಲಕ್ಕಿ ಸೊಪ್ಪು ಮತ್ತು ಕಹಿಬೇವಿನ ಸೊಪ್ಪು, ಹೀಗೆ ತುಂಬಿದರು. ಮೇಲೆ ಹಾಳೆ ಮುಚ್ಚಿ ಕಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ದಿನವೂ ಕಟ್ಟಿಗೆಯ ಹೊಗೆ, ಬೆಚ್ಚಗಿನ ಗಾಳಿ.

"ಸೊಪ್ಪು ಹಾಕಿರೆ ಸಾಕಾ ಅಮ್ಮಾ?" ಎಂದು ಕೇಳಿದ್ದೆ. "ಸೊಪ್ಪು ಬಾಗ್ಲ್ ಕಾಯುದ್ ಮಗಾ. ಮನೆ ಒಳ್ಗೆ ಇದ್ ಕಳ್ಳನ್ನ ಹಿಡುದ್ ಬಿಸ್ಲೇ" ಎಂದಿದ್ದರು. ಸೊಪ್ಪು ಬಾಗಿಲು ಕಾಯುತ್ತದೆ, ಒಳಗಿರುವ ಕಳ್ಳನನ್ನು ಹಿಡಿಯುವುದು ಬಿಸಿಲೇ ಎಂದು ಅರ್ಥ. ಈ ಇಡೀ ಲೇಖನದಲ್ಲಿ ನಾನು ಹೇಳಬೇಕಾದದ್ದು ಆ ಒಂದು ಮಾತಿನಲ್ಲಿದೆ.

ಗಿಡದೊಳಗಿನ ಗುಟ್ಟು

ಅಜ್ಜಿಯ ಉಪಾಯಕ್ಕೆ ವಿಜ್ಞಾನದ ಬೆಂಬಲವೂ ಇದೆಯೆಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಗ್ರಂಥಾಲಯದಲ್ಲಿ ಕುಳಿತು ಓದುವ ಚಟ ಹತ್ತಿದಾಗ.

ಕಾಳುಮೆಣಸಿನ ಖಾರಕ್ಕೆ ಕಾರಣ ಪೈಪರಿನ್ ಎಂಬ ವಸ್ತು. 1819ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ಅದನ್ನು ಬೇರ್ಪಡಿಸಿದರು. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ಕಂಡುಹಿಡಿದವರೂ ಅವರೇ. ಪೈಪರಿನ್ ಮತ್ತು ಅದರ ಬಂಧುಗಳಾದ ಕೆಲವು ವಸ್ತುಗಳು ಕೀಟಗಳಿಗೆ ವಿಷ. ನಮಗೆ ರುಚಿ, ಹುಳಕ್ಕೆ ಉರಿ. ಆ ಮೆಣಸು ನಮ್ಮ ಘಟ್ಟದ ಮಗಳು. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು.

ಕಹಿಬೇವಿನ ದಾರಿ ಬೇರೆ. ಅದರಲ್ಲಿರುವ ಅಜಾಡಿರಾಕ್ಟಿನ್ ಹುಳಕ್ಕೆ ಊಟ ಬೇಡವೆನಿಸುತ್ತದೆ, ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಪೊರೆ ಕಳಚಲಾರದ ಮರಿ ದೊಡ್ಡದಾಗುವುದು ಹೇಗೆ? 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ನೀರನ್ನು ಬೆಳೆಗೆ ಸಿಂಪಡಿಸಿದಾಗ, ದಂಡೆತ್ತಿ ಬಂದ ಮಿಡತೆಗಳು ಆ ಬೆಳೆಯನ್ನು ಮುಟ್ಟಲಿಲ್ಲ. ಆದರೆ ಈ ಸತ್ವ ಹೆಚ್ಚು ಇರುವುದು ಬೀಜದಲ್ಲಿ. ಸೊಪ್ಪಿನಲ್ಲಿ ಕಡಿಮೆ.

ನಮ್ಮಂತೆಯೇ ಒಣಮೀನು ನಂಬಿದವರು ದೂರದ ಆಫ್ರಿಕದಲ್ಲೂ ಇದ್ದಾರೆ. ಚಾಡ್ ಸರೋವರದ ದಡದಲ್ಲಿ ಹೊಗೆ ಹಾಕಿ ಒಣಗಿಸಿದ ಮೀನು ನೈಜೀರಿಯದ ದಕ್ಷಿಣದ ಪೇಟೆಗಳ ತನಕ ಹೋಗುತ್ತದೆ. ಅಲ್ಲಿಯೂ ಇದೇ ಡರ್ಮೆಸ್ಟಿಸ್ ಕಾಟ. ಅಲ್ಲಿಯೂ ಕೆಲವರು ಕೀಟನಾಶಕ ಬಳಸಿ ಅಪಾಯ ತಂದುಕೊಂಡರು. ಹಾಗಾಗಿ ಅಲ್ಲಿನ ವಿಜ್ಞಾನಿಗಳು ತಮ್ಮ ನಾಡಿನ ಮೆಣಸು, ಬೇವು ಮೊದಲಾದವನ್ನು ಪುಡಿ ಮಾಡಿ ಮೀನಿಗೆ ಸವರಿ ಪರೀಕ್ಷಿಸಿದ್ದಾರೆ. ಅವರ ಮೆಣಸು ನಮ್ಮ ಕಾಳುಮೆಣಸಿನ ಜಾತಿಯದೇ. ಪುಡಿ ಹಾಕಿದ ಮೀನಿನಲ್ಲಿ ಹುಳ ಕಡಿಮೆಯಾದದ್ದನ್ನು ಅವರು ಕಂಡಿದ್ದಾರೆ.

ಜಗಲಿಯ ಪ್ರಯೋಗಶಾಲೆ

ಇಷ್ಟು ಕೇಳಿದ ಮೇಲೆ ಮೊಮ್ಮಗಳು ಸುಮ್ಮನಿರುತ್ತಾಳೆಯೇ? "ನಾವೂ ನೋಡೋಣ ಅಜ್ಜಾ" ಎಂದಳು. ಐದು ಗಾಜಿನ ಬಾಟಲಿ ತೊಳೆದು ಒಣಗಿಸಿದೆವು. ಹೊಸದಾಗಿ ತಂದ ಒಣಸಿಗಡಿಯನ್ನು ಎರಡು ದಿನ ಬಿಸಿಲಿಗೆ ಹಾಕಿ ಎಲ್ಲದಕ್ಕೂ ಸಮನಾಗಿ ತುಂಬಿದೆವು.

ಒಂದನೆಯದಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ಒಣಗಿದ ಬೇವು, ಲಕ್ಕಿ ಸೊಪ್ಪು. ಮೂರನೆಯದಕ್ಕೆ ತರಿ ಕಾಳುಮೆಣಸು. ನಾಲ್ಕನೆಯದಕ್ಕೆ ಆಗಷ್ಟೇ ಕಿತ್ತ ಹಸಿ ಬೇವಿನ ಸೊಪ್ಪು, ಅದು ಮೊಮ್ಮಗಳ ಹಟ. ಈ ನಾಲ್ಕಕ್ಕೂ ಹಳೆಯ ಡಬ್ಬಿಯಿಂದ ಹತ್ತು ಹತ್ತು ಜೀರುಂಡೆ ಬಿಟ್ಟು ತೆಳು ಬಟ್ಟೆ ಕಟ್ಟಿದೆವು. ಐದನೆಯದಕ್ಕೆ ಸೊಪ್ಪೂ ಇಲ್ಲ, ಮೆಣಸೂ ಇಲ್ಲ, ಹುಳವನ್ನೂ ಬಿಡಲಿಲ್ಲ. ರಬ್ಬರ್ ಸುತ್ತಿದ ಬಿಗಿ ಮುಚ್ಚಳ ಮಾತ್ರ.

"ಇದು ಮೋಸ" ಎಂದಳು ಅವಳು. "ಕಳ್ಳನೇ ಒಳಗೆ ಬರದಿದ್ದರೆ ಕಾವಲುಗಾರ ಬೇಕಾ ಎಂದು ನೋಡೋಣ, ಇರಲಿ" ಎಂದೆ.

ಎಂಟು ವಾರ ಕಾದೆವು. ಪ್ರತಿ ಭಾನುವಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ನಾಲ್ಕನೆಯದು ಮೊದಲ ವಾರವೇ ಸೋತಿತು. ಹಸಿ ಸೊಪ್ಪಿನ ನೀರಿಗೆ ಸಿಗಡಿ ಬೂಸು ಹಿಡಿದು ನಾತ ಹೊಡೆಯಿತು. ಒಂದನೆಯದರಲ್ಲಿ ಜೂನ್ ಕೊನೆಗೆ ಹುಡಿ ಬಿಟ್ಟು ಹೆಚ್ಚೇನೂ ಉಳಿಯಲಿಲ್ಲ. ಎರಡನೆಯದರಲ್ಲಿ ಹುಳ ಕಡಿಮೆ, ಆದರೆ ಇದ್ದವು. ಸೊಪ್ಪು ತಾಗದ ಮೂಲೆಯಲ್ಲಿ ಸೇರಿಕೊಂಡಿದ್ದವು. ಮೂರನೆಯದರಲ್ಲಿ ಜೀರುಂಡೆಗಳು ಮೊದಲ ದಿನವೇ ಮೇಲಿನ ಬಟ್ಟೆಗೆ ಹತ್ತಿ ಕುಳಿತವು, ಕ್ರಮೇಣ ಸತ್ತವು. ಮರಿಗಳು ಎಲ್ಲೋ ಒಂದೆರಡು. ಐದನೆಯದು ತುಂಬಿದ ದಿನ ಹೇಗಿತ್ತೋ ಹಾಗೆಯೇ ಇತ್ತು.

ಇದು ಮನೆಯ ಪ್ರಯೋಗ. ನಿಜವಾದ ವಿಜ್ಞಾನಕ್ಕೆ ಪ್ರತಿಯೊಂದು ಬಗೆಗೂ ಹಲವು ಬಾಟಲಿ ಬೇಕು, ಹಲವು ಸಲ ಮಾಡಬೇಕು ಎಂದು ಅವಳಿಗೆ ಹೇಳಿದೆ. ಅವಳು ಪುಸ್ತಕದ ಕೊನೆಯಲ್ಲಿ ಬರೆದ ವಾಕ್ಯ ನನಗೆ ಇಷ್ಟವಾಯಿತು: "ಮೆಣಸು ಒಳ್ಳೆಯ ಕಾವಲುಗಾರ. ಆದರೆ ಬಾಗಿಲು ಹಾಕಿಕೊಳ್ಳುವುದು ನಮ್ಮ ಕೆಲಸ."

ಮನೆಯಲ್ಲಿ ಮಾಡುವುದು ಹೀಗೆ

ಅಜ್ಜ ಅಜ್ಜಿಯಂದಿರಿಗೆ ಇದೆಲ್ಲ ಗೊತ್ತಿರುತ್ತದೆ. ಮರೆತವರಿಗೆ, ಹೊಸಬರಿಗೆ ಹೇಳುತ್ತೇನೆ.

ಮೀನನ್ನು ಸಂತೆಯಿಂದ ತಂದ ಕೂಡಲೇ ತುಂಬಬೇಡಿ. ಒಂದು ಹಾಳೆಯ ಮೇಲೆ ಕೊಡವಿ ನೋಡಿ. ಹುಡಿ, ಪೊರೆ, ಹುಳ ಕಂಡರೆ ಅಂಗಡಿಯವರಿಗೆ ತೋರಿಸಿ. ಚೆನ್ನಾಗಿದ್ದರೂ ಎರಡು ಮೂರು ದಿನ ಕಡು ಬಿಸಿಲಿಗೆ ಹಾಕಿ. ನೆಲಕ್ಕಲ್ಲ, ಎತ್ತರದ ಜಾಲರಿ ಅಥವಾ ಮಂಚದ ಮೇಲೆ, ಮೇಲಿನಿಂದ ತೆಳು ಬಲೆ ಮುಚ್ಚಿ. ಇಲ್ಲದಿದ್ದರೆ ನೊಣ ಮೊಟ್ಟೆ ಇಡುತ್ತದೆ. ಮೀನಿನ ಒಳಗೆ 50 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿ ತಾಗಿದರೆ ಹುಳವಾಗಲಿ ಮೊಟ್ಟೆಯಾಗಲಿ ಹೆಚ್ಚು ಹೊತ್ತು ಬದುಕದು. ತೆಳು ಮೀನು ಬಗ್ಗಿಸಿದರೆ ಟಕ್ಕೆಂದು ಮುರಿಯಬೇಕು.

ನೀವೇ ಮೀನು ಒಣಗಿಸುವವರಾದರೆ ಉಪ್ಪಿನಲ್ಲಿ ಜಿಪುಣತನ ಬೇಡ. ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು ಹಳೆಯ ಲೆಕ್ಕ. ಚೆನ್ನಾಗಿ ಉಪ್ಪು ಹಿಡಿದ ಮೀನನ್ನು ಡರ್ಮೆಸ್ಟಿಸ್ ಇಷ್ಟಪಡುವುದಿಲ್ಲ. ಉಪ್ಪು ಹಾಕದ ಸಿಗಡಿಗೇ ಅದರ ಕಾಟ ಹೆಚ್ಚು.

ಬಿಸಿಲಿನ ಬಿಸಿ ಆರಿದ ಮೇಲೆ, ಒಂದು ಕಿಲೋ ಮೀನಿಗೆ ಸುಮಾರು 25 ಗ್ರಾಂ ತರಿ ಕಾಳುಮೆಣಸು ಬೆರೆಸಿ. ಸೊಪ್ಪು ಹಾಕುವುದಾದರೆ ಕೈಯಲ್ಲಿ ಹುಡಿಯಾಗುವಷ್ಟು ಒಣಗಿರಬೇಕು. ಗಾಜಿನ ಬಾಟಲಿ ಅಥವಾ ಬಿಗಿ ಮುಚ್ಚಳದ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ತುಂಬಿ. ಗೋಣಿ, ಮರದ ಪೆಟ್ಟಿಗೆ, ನನ್ನಂತೆ ಹಳೆಯ ಬಿಸ್ಕತ್ತಿನ ಡಬ್ಬಿ ಬೇಡ. ಫ್ರಿಜ್ ಇದ್ದವರು ಕಟ್ಟು ಕಟ್ಟಿ ಫ್ರೀಜರಿನಲ್ಲಿಡಬಹುದು. ಅಡುಗೆಗೆ ಮುನ್ನ ತೊಳೆಯುವುದನ್ನು ಮರೆಯಬೇಡಿ.

ಗಿಡದ್ದೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಹೊಗೆಸೊಪ್ಪು, ದತ್ತೂರ, ಕಣಗಿಲೆ ಹುಳವನ್ನೂ ಕೊಲ್ಲಬಹುದು, ನಮ್ಮನ್ನೂ ಕೊಲ್ಲಬಹುದು. ಬೇವಿನೆಣ್ಣೆಯನ್ನು ಮೀನಿಗೆ ಸವರಬೇಡಿ, ಸಣ್ಣ ಮಕ್ಕಳ ಹೊಟ್ಟೆಗೆ ಅದು ಅಪಾಯ. ಜಿರಲೆಯ ಸ್ಪ್ರೇ, ಇರುವೆ ಪುಡಿ ಆಹಾರದ ಹತ್ತಿರವೂ ಬರಬಾರದು. ಹುಳ ತಿಂದು ಹುಡಿಯಾದ ಮೀನನ್ನು ಉಳಿಸಲು ಹೋಗಬೇಡಿ. ಆ ಕೂದಲು ಕೆಲವರಿಗೆ ತುರಿಕೆ, ಉಬ್ಬಸ ತರುತ್ತದೆ.

ಎರಡು ರೂಪಾಯಿಯ ಸಿಗಡಿ

ಆ ಅಕ್ಕನ ಕಥೆ ಮುಗಿಸುತ್ತೇನೆ. ಎರಡು ಬುಟ್ಟಿ ಮೀನೂ ಮಳೆಗಾಲದಲ್ಲಿ ಘಟ್ಟ ಹತ್ತಿ ಮಾರಾಟವಾಯಿತು. ಒಂದು ಗೋಣಿ ಹೂತಿದ್ದರಿಂದ ಆ ವರ್ಷ ಲಾಭವಿರಲಿಲ್ಲ. ಆದರೂ ಮುಂದಿನ ಬೇಸಗೆಯೊಳಗೆ 800 ರೂಪಾಯಿಯೂ ಬಡ್ಡಿಯೂ ತೀರಿತು. ಕೊನೆಯ ಕಂತು ಕಟ್ಟಿದ ದಿನ ಅಡಿಕೆ ಹಾಳೆಯ ಒಂದು ಪೊಟ್ಟಣವನ್ನು ಕೌಂಟರಿನ ಮೇಲಿಟ್ಟಳು. ಬಿಚ್ಚಿದರೆ ಒಣಸಿಗಡಿ, ನಡುನಡುವೆ ಕಪ್ಪು ಮೆಣಸಿನ ತರಿ.

"ಅಯ್ಯಾ, ಇದ್ರಗೆ ಪುಡಿ ಇಲ್ಲೆ" ಎಂದಳು.

ಬ್ಯಾಂಕಿನವರು ಗಿರಾಕಿಗಳಿಂದ ಉಡುಗೊರೆ ತೆಗೆದುಕೊಳ್ಳಬಾರದು. ಎರಡು ರೂಪಾಯಿ ಕೊಟ್ಟೆ. ಅವಳು ಸೆರಗಿನ ಗಂಟು ಬಿಚ್ಚಿ ಐವತ್ತು ಪೈಸೆ ಚಿಲ್ಲರೆ ವಾಪಸು ಕೊಟ್ಟಳು. ಲೆಕ್ಕ ಅಂದರೆ ಲೆಕ್ಕ.

ಕಳೆದ ಭಾನುವಾರ ಐದನೆಯ ಬಾಟಲಿಯ ಸಿಗಡಿಯಿಂದ ಚಟ್ನಿ ಮಾಡಿದೆವು. ಅಜ್ಜಿಯೂ ಬೆಂಗಳೂರಿನಿಂದ ಬಂದಾಗಿದೆ. ಹೊರಗೆ ಜಡಿಮಳೆ. ಊಟವಾದ ಮೇಲೆ ಮೊಮ್ಮಗಳು ಹೊಸ ಬಾಟಲಿಗೆ ಸಿಗಡಿಯನ್ನೂ ಮೆಣಸನ್ನೂ ತುಂಬಿ, ಮುಚ್ಚಳ ತಿರುಗಿಸಿ, ಮೇಲೊಂದು ಚೀಟಿ ಅಂಟಿಸಿದಳು. ತಾರೀಕು ಬರೆದಳು. ಅದರ ಕೆಳಗೆ ದಪ್ಪಕ್ಷರದಲ್ಲಿ ಬರೆದಳು: "ಪುಡಿ ಇಲ್ಲೆ."